ಅರ್ಧಕ್ಕೆ ತಿರುಗುವ ಫ್ಯಾನು

ಈ ಕಿವಿ ಇಷ್ಟು ಚಿಕ್ಕದಿತ್ತೇ, ಬ್ರಷ್ಷನ್ನು ಬಟ್ಟಲಿನ ಅಂಚಿಗೆ ಒರೆಸುತ್ತ ಅವಳು ನೋಡಿದಳು, ತುದಿ ಮುರುಟಿದ ಕಿವಿ, ಓಲೆಯ ತೂತು ಜಗ್ಗಿ ಸೀಳಿನಂತಾಗಿದೆ, ಅತ್ತಿಗೆಯ ಕಿವಿ ಅಂದರೆ ದೊಡ್ಡದೆಂದೇ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದಳು, ಮನೆಯ ಯಾವ ಮೂಲೆಯಲ್ಲಿ ಪಿಸುಗುಟ್ಟಿದರೂ ಕೇಳಿಸಿಕೊಳ್ಳುತ್ತಿದ್ದ ಕಿವಿ, ಈಗ ಎರಡೇ ಬೆರಳಲ್ಲಿ ಮಡಚಿ ಪ್ಲಾಸ್ಟಿಕ್ ಕಿವಿಟೊಪ್ಪಿಗೆಯೊಳಗೆ ತುರುಕಬಹುದು, ತುರುಕಿದಳು, ನೋವಾಯ್ತಾ ಅಂತ ಕೇಳಲಿಲ್ಲ, ಬೇರೆ ಗಿರಾಕಿಗಳನ್ನು ಕೇಳುತ್ತಾಳೆ. ಅತ್ತಿಗೆ ಕನ್ನಡಿಯೊಳಗಿಂದ ನಗುತ್ತಿದ್ದಾರೆ — ನಗುತ್ತಿದ್ದಾರೆ, ಎಷ್ಟು ಹೊಟ್ಟೆ ಉರಿದರೂ ಮನಸ್ಸಿನೊಳಗೆ ಕೂಡ ಏಕವಚನ ಬರುವುದಿಲ್ಲ, ಅಣ್ಣನ ಹೆಂಡತಿ, ಕೆಲಸ ಕಲಿಸಿದವರು, ನಾಲಿಗೆ ತನ್ನಷ್ಟಕ್ಕೆ ಬಗ್ಗುತ್ತದೆ, ಅದೂ ಒಂದು ಸಿಟ್ಟು. ಏನೇ ಎಡಚಿ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ. ಎಡಚಿ. ಈ ಮೂರನೇ ಮಹಡಿಯ ಪಾರ್ಲರಿನಲ್ಲಿ ಯಾರಿಗೂ ಆ ಹೆಸರು ಗೊತ್ತಿರಲಿಲ್ಲ, ಈಗ ಪಕ್ಕದ ಕುರ್ಚಿಯಲ್ಲಿ ಉಗುರು ತಿದ್ದಿಸಿಕೊಳ್ಳುತ್ತಿರುವ ಹೆಂಗಸಿಗೂ ಗೊತ್ತಾಯಿತು, ಅವಳು ಇವಳ ಎಡಗೈ ನೋಡಿದಳು, ಬ್ರಷ್ ನೋಡಿದಳು, ಓ ಅಂದುಕೊಂಡಳು. ಮಧ್ಯಾಹ್ನಕ್ಕೆ ಹೊಸ ಗಿರಾಕಿ, ಬಾಲಯಾಜ್, ನೀನೇ ಬೇಕು ಅಂದ್ರು ಅಂತ ಮ್ಯಾನೇಜರ್ ಹೇಳಿದಾಗ ಎಂಥ ಖುಷಿ, ಹೆಸರು ಹೇಳಿ ಕೇಳಿಕೊಂಡು ಬರುವಷ್ಟು ಆದೆನಲ್ಲ ಅಂತ, ಬಟ್ಟಲು ಉಜ್ಜಿಟ್ಟು, ಬ್ರಷ್ ಆರಿಸಿಟ್ಟು ಕಾದರೆ ಲಿಫ್ಟಿನ ಬಾಗಿಲು ಸರಿದು ಅತ್ತಿಗೆ, ಅದೇ ಕಂದು ಚೀಲ, ಅದೇ ನಡಿಗೆ, ನೆಲದ ಮೇಲೆ ಬಿದ್ದ ಕೂದಲನ್ನು ದಾಟುವಾಗ ಅದೇ ಮೂಗು ಮುರಿಯುವಿಕೆ, ಗುಡಿಸಲ್ವಾ ಇಲ್ಲಿ. ಬಂದವರು ಒಂದು ಮಾತು ಹೇಳಬಹುದಿತ್ತು, ಅದಕ್ಕೇ ಬಂದಿರಬಹುದು ಅಂತ ಅಂದುಕೊಂಡೇ ಅವಳು ಕುರ್ಚಿ ತೋರಿಸಿದ್ದಳು, ನಾಲ್ಕು ವರ್ಷದಿಂದ ಅವಳಿಗೆ ಬೇಕಾಗಿರುವುದು ಅದೊಂದೇ, ಆವತ್ತು ಎಡಗಡೆ ಸರಿಯಾಗಿತ್ತು ಕಣೇ, ಇಷ್ಟು, ಕ್ಷಮೆ ಬೇಡ, ಕಣ್ಣೀರು ಬೇಡ, ಎಡಗಡೆ ಸರಿಯಾಗಿತ್ತು. ಅತ್ತಿಗೆ ಕೂತು, ಕಾಲು ನೀಡಿ, ನನಗೂ ಒಂದು ಕೈಬಣ್ಣ ಹಾಕೇ, ನೋಡೋಣ ಏನು ಕಲಿತಿದೀಯಾ ಅಂದರು.

ಕೈಬಣ್ಣ, ಅದು ಅತ್ತಿಗೆಯ ಮಾತು, ಇಲ್ಲಿ ಬಾಲಯಾಜ್ ಅನ್ನಬೇಕು, ಬೆಲೆ ಏರುತ್ತದೆ, ಮ್ಯಾನೇಜರ್ ಅದನ್ನು ಹೇಳುವಾಗ ಬಾಯೊಳಗೆ ಬಿಸಿ ಆಲೂಗಡ್ಡೆ ಇಟ್ಟುಕೊಂಡವನ ಹಾಗೆ ಹೇಳುತ್ತಾನೆ. ಏನು ಹೇಳಿದರೂ ಕೆಲಸ ಒಂದೇ, ಬೆಳ್ಳಿ ಹಾಳೆಯಲ್ಲಿ ಸುತ್ತಿ ಬುಡದಿಂದ ಪಟ್ಟೆ ಎಳೆಯುವುದಲ್ಲ, ಕೂದಲಿನ ಪದರವನ್ನು ಅಂಗೈ ಮೇಲೆ ಹಾಸಿಕೊಂಡು ಬರಿ ಬ್ರಷ್ಷಿನಿಂದ ಬ್ಲೀಚ್ ಬಳಿಯುವುದು, ತುದಿಗೆ ದಟ್ಟ, ಮೇಲೆ ಹೋದಂತೆ ತೆಳು, ಇನ್ನೂ ಮೇಲೆ ಬ್ರಷ್ ಮುಟ್ಟಿತೋ ಇಲ್ಲವೋ ಅನ್ನುವಷ್ಟು, ಬುಡಕ್ಕೆ ಹೋಗಲೇಬಾರದು, ಆಗ ಬೆಳೆದ ಮೇಲೂ ಹಳೆಯದು ಎಲ್ಲಿ ಮುಗಿಯಿತು ಹೊಸದು ಎಲ್ಲಿ ಶುರುವಾಯಿತು ಅಂತ ಗೆರೆ ಕಾಣುವುದಿಲ್ಲ. ಗೆರೆ ಕಂಡರೆ ಅದು ಸುಣ್ಣ ಬಳಿದ ಗೋಡೆ, ಕಾಣದಿದ್ದರೆ ಬಿಸಿಲು ಬಿದ್ದ ಕೂದಲು, ಅತ್ತಿಗೆ ಹೇಳುತ್ತಿದ್ದರು, ಹೇಳುತ್ತ ಅವಳ ಮಣಿಕಟ್ಟು ಹಿಡಿದು ಆಡಿಸುತ್ತಿದ್ದರು, ಗುಡಿಸಬೇಡ, ಸವರು, ಗುಡಿಸೋಕೆ ಪೊರಕೆ ಇದೆ. ಈಗ ಎಡಗಡೆಯ ಮೂರನೇ ಪದರ, ಬ್ರಷ್ಷಿನ ಮೂಲೆಯಿಂದ ಒಂದು ಬದಿ, ಇನ್ನೊಂದು ಮೂಲೆಯಿಂದ ಇನ್ನೊಂದು ಬದಿ, ನಡುವೆ ಖಾಲಿ, ಕೆಳಗೆ ತುಂಬು, ಅವಳ ಕೈ ತಾನಾಗಿ ಹೋಗುತ್ತದೆ, ಸವರುತ್ತದೆ, ಅತ್ತಿಗೆಯ ಕೂದಲಿಗೆ ಅತ್ತಿಗೆ ಕಲಿಸಿದ ಸವರು, ಬೆರಳು ಕೊಳೆತು ಬಿದ್ದರೂ ಈ ಸವರು ಬೀಳುವುದಿಲ್ಲ ಅನಿಸಿ ಅವಳಿಗೆ ಬ್ರಷ್ಷನ್ನೇ ಮುರಿಯಬೇಕೆನಿಸಿತು. ಕೂದಲು ತೆಳ್ಳಗಾಗಿದೆ. ಹೆಕ್ಕತ್ತಿನ ಹತ್ತಿರ ಬಿಳಿ ಬಂದಿದೆ, ಬಿಳಿಯನ್ನು ಮುಚ್ಚಬೇಡ, ಅದರ ಜೊತೆ ಬೆರೆಸು ಅನ್ನುತ್ತಾರೆ ಕನ್ನಡಿಯೊಳಗಿಂದ, ಗೊತ್ತು ಅನ್ನುತ್ತಾಳೆ ಅವಳು, ಗಿರಾಕಿಗೆ ಗೊತ್ತು ಅನ್ನಬಾರದು, ಖಂಡಿತ ಮೇಡಂ ಅನ್ನಬೇಕು, ಖಂಡಿತ ಮೇಡಂ ಅಂದಿದ್ದರೆ ಇನ್ನೂ ಚುಚ್ಚುತ್ತಿತ್ತು, ಆಗ ಹೊಳೆಯಲಿಲ್ಲ. ಹೆಕ್ಕತ್ತು. ಅಲ್ಲೇ ಇಬ್ಬರೂ ಸೇರುತ್ತಿದ್ದದ್ದು, ಎಷ್ಟು ತಲೆಗಳ ಹೆಕ್ಕತ್ತಿನಲ್ಲಿ, ಅತ್ತಿಗೆ ಬಲಗೈಯವರು ಬಲಗಡೆ, ಇವಳು ಎಡಚಿ ಎಡಗಡೆ, ಮೊಣಕೈಗೆ ಮೊಣಕೈ ತಾಗುವುದಿಲ್ಲ, ಒಟ್ಟಿಗೆ ಶುರು ಮಾಡಿ ಒಟ್ಟಿಗೆ ಹಿಂದಕ್ಕೆ ಬಂದು ಕತ್ತಿನ ನಡುವೆ ಬ್ರಷ್ಷುಗಳು ಎದುರಾಗುತ್ತಿದ್ದವು, ಒಂದು ಕಡೆ ಬ್ಲೀಚ್ ಹೆಚ್ಚು ಹೊತ್ತು ಕೂತಿತು ಇನ್ನೊಂದು ಕಡೆ ಕಡಿಮೆ ಅನ್ನುವ ತಾಪತ್ರಯವೇ ಇಲ್ಲ, ಇಡೀ ಬೀದಿಯಲ್ಲಿ ಹಾಗೆ ಮಾಡುವವರು ಅವರಿಬ್ಬರೇ, ಅತ್ತಿಗೆ ನಾದಿನಿ ಜಗಳ ಆಡದೆ ಒಂದು ತಲೆ ಹಂಚಿಕೊಳ್ಳೋದು ಲೋಕದಲ್ಲಿ ಇಲ್ಲೊಂದೇ ಕಡೆ ಅಂತ ಗಿರಾಕಿಗಳು ನಗುತ್ತಿದ್ದರು, ಅತ್ತಿಗೆ ತಮ್ಮ ಬ್ರಷ್ಷಿನ ತುದಿಯಿಂದ ಇವಳ ಬ್ರಷ್ಷಿಗೆ ಟಕ್ಕೆಂದು ತಟ್ಟುತ್ತಿದ್ದರು, ಆಯಿತು ಅಂತ ಲೆಕ್ಕ. ಟಕ್. ಆ ಸದ್ದು ಬೇಡ, ಅದರ ಬೆನ್ನಿಗೇ ಇನ್ನೊಂದು ಟಕ್ ಬರುತ್ತದೆ.

ಬಂತು. ಅತ್ತಿಗೆಯ ಅಂಗಡಿಯ ಆ ಫ್ಯಾನು, ತಿಳಿಹಸಿರು ರೆಕ್ಕೆ, ಜಾಲರಿಗೆ ಯಾರದೋ ಒಂದು ಕೆಂಚು ಕೂದಲು ಸಿಕ್ಕಿಕೊಂಡು ಪಟಪಟ ಹಾರುವುದು, ಕತ್ತು ಕೆಟ್ಟದ್ದು, ಬಾಗಿಲ ಕಡೆಯಿಂದ ಹೊರಟು ಕುರ್ಚಿಯ ಬಲಗಡೆಯ ತನಕ ಬಂದು ಟಕ್ಕೆಂದು ಸಿಕ್ಕಿಬಿದ್ದು ಮತ್ತೆ ಬಾಗಿಲ ಕಡೆಗೇ ಹೋಗುವುದು, ಎಡಗಡೆಗೆ ಒಂದು ದಿನವೂ ಬಂದದ್ದಿಲ್ಲ, ಅರ್ಧ ತಲೆ ಆಡಿಸಿ ಬೇಡ ಅನ್ನುವವರ ಹಾಗೆ. ಆವತ್ತು ಟೀವಿಯಲ್ಲಿ ಸುದ್ದಿ ಓದುವವಳು ಬಂದಿದ್ದಳು, ಅವಳ ತಲೆ ಅಂದರೆ ಊರೆಲ್ಲ ನೋಡುವ ತಲೆ, ಅತ್ತಿಗೆ ಬೆಳಿಗ್ಗೆಯಿಂದ ಮೂರು ಸಲ ನೆಲ ಒರೆಸಿದ್ದರು, ಇಬ್ಬರೂ ಶುರು ಮಾಡಿ, ಹಿಂದಕ್ಕೆ ಬಂದು, ಹೆಕ್ಕತ್ತಿನಲ್ಲಿ ತಟ್ಟಿ, ಇವಳು ಬಟ್ಟಲು ತೊಳೆಯಲು ಒಳಗೆ ಹೋದಳು, ಒಳಗಿದ್ದಾಗ ಸ್ವಿಚ್ಚಿನ ಸದ್ದು, ಆಮೇಲೆ ಟಕ್, ಟಕ್, ಹೊರಗೆ ಬಂದರೆ ಅತ್ತಿಗೆ ಕೊರಳಿನ ಬೆವರು ಒರೆಸಿಕೊಳ್ಳುತ್ತ ಫ್ಯಾನಿನ ಮುಂದೆ ನಿಂತಿದ್ದಾರೆ, ಮುಖ ಕೆಂಪಗೆ, ಆಗ ಅವರಿಗೆ ಮುಟ್ಟು ನಿಲ್ಲುವ ಕಾಲ, ನಿಂತಲ್ಲೇ ಬೆಂಕಿ ಹೊತ್ತಿಕೊಂಡ ಹಾಗೆ ಬೆವರುತ್ತಿದ್ದರು, ಬಲಗಡೆಗೆ ಗಾಳಿ ಬೀಸುತ್ತಿದೆ, ಅತ್ತಿಗೆ, ಫ್ಯಾನು ಅಂದಳು, ಅಂದಿದ್ದಳು, ಇದನ್ನು ಅವಳು ಆಣೆ ಮಾಡಿ ಹೇಳಬಲ್ಲಳು, ಸುಮ್ನಿರೇ ಎರಡು ನಿಮಿಷ, ಜೀವ ಹೋಗ್ತಿದೆ ಅಂದರು. ಎರಡು ನಿಮಿಷವಲ್ಲ, ಫೋನು ಬಂತು, ಮಾತಾಡುತ್ತ ಹೊರಗೆ ಹೋದರು, ಫ್ಯಾನು ತಿರುಗುತ್ತಲೇ ಇತ್ತು, ಇವಳು ಆರಿಸಬಹುದಿತ್ತು, ಅತ್ತಿಗೆ ಹಾಕಿದ ಫ್ಯಾನನ್ನು ಆ ಅಂಗಡಿಯಲ್ಲಿ ಯಾರೂ ಆರಿಸುತ್ತಿರಲಿಲ್ಲ. ಒಣಗಿದ ಬ್ಲೀಚ್ ಸತ್ತ ಬ್ಲೀಚ್, ಇದನ್ನೂ ಕಲಿಸಿದ್ದು ಅವರೇ. ತೊಳೆದು ನೋಡಿದರೆ ಎಡಗಡೆ ಜೇನಿನ ಬಣ್ಣ, ತುದಿಗೆ ಹೋದಂತೆ ಹಾಲು ಬೆರೆಸಿದ ಜೇನು, ಅಂಥದ್ದನ್ನು ಅವಳ ಕೈ ಅಷ್ಟರ ತನಕ ಮಾಡಿರಲಿಲ್ಲ, ಬಲಗಡೆ ತುಕ್ಕು, ತುಕ್ಕು ಹಿಡಿದ ತಗಡು, ಅರ್ಧಕ್ಕೇ ನಿಂತುಹೋದ ಕೇಸರಿ. ಸುದ್ದಿ ಓದುವವಳು ಕನ್ನಡಿಯಲ್ಲಿ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ, ಎಡಗಡೆ ಎಷ್ಟು ಚೆನ್ನಾಗಿದೆ ಅಂದಳು. ಆಗ ಅತ್ತಿಗೆ ಹೇಳಿದ್ದು. ಕನ್ನಡಿಯಲ್ಲಿ ನೋಡುತ್ತ, ಒಂದು ರೆಪ್ಪೆ ಕೂಡ ಅಲುಗಿಸದೆ, ಇಲ್ಲ ಮೇಡಂ, ಎಡಗಡೆ ಬಣ್ಣ ಜಾಸ್ತಿ ಎದ್ದುಬಿಟ್ಟಿದೆ, ಕ್ಯಾಮರಾ ಮುಂದೆ ಬಿಳಿಚಿಕೊಳ್ಳುತ್ತೆ, ನನ್ನ ನಾದಿನಿ, ಕೈ ಸ್ವಲ್ಪ ಭಾರ ಅವಳದ್ದು, ಬಲಗಡೆಗೆ ಸರಿಯಾಗಿ ಇಳಿಸಿಕೊಡ್ತೀವಿ. ಇಳಿಸಿಕೊಡುವುದು ಅಂದರೆ ಒಳ್ಳೆಯದರ ಮೇಲೆ ಕಂದು ಬಣ್ಣ ಬಳಿದು ಕೆಟ್ಟದ್ದರ ಸಮಕ್ಕೆ ತರುವುದು. ಅದನ್ನೂ ಅವರು ಮಾಡಲಿಲ್ಲ, ಬಟ್ಟಲನ್ನು ಇವಳ ಕೈಗೆ ಕೊಟ್ಟರು, ನಿನ್ನ ಕಡೆಯಲ್ವಾ, ನೀನೇ ಸರಿಮಾಡು. ಮಾಡಿದಳು. ತನ್ನ ಕೈಯಿಂದಲೇ, ತುದಿಯಿಂದ ಮೇಲಕ್ಕೆ, ಜೇನು ಮುಳುಗಿ ಕೆಸರಾಗುವ ತನಕ, ಸವರಲಿಲ್ಲ, ಗುಡಿಸಿದಳು, ಹಿಂದಿನಿಂದ ಟಕ್, ಟಕ್, ಯಾರೂ ಇನ್ನೂ ಆ ಫ್ಯಾನನ್ನು ಆರಿಸಿರಲಿಲ್ಲ.

ಅಣ್ಣ ರಾತ್ರಿ ತಟ್ಟೆಯಿಂದ ತಲೆ ಎತ್ತದೆ ಕೇಳಿಸಿಕೊಂಡ, ಕೇಳಿಸಿಕೊಂಡು, ಅವಳು ದೊಡ್ಡವಳು, ಹೋಗ್ಲಿ ಬಿಡೇ, ಒಂದು ತಲೆಗೆ ಇಷ್ಟೊಂದು ತಲೆ ಕೆಡಿಸ್ಕೋತಾರಾ ಅಂದ, ತನ್ನ ಜೋಕಿಗೆ ತಾನೇ ಸ್ವಲ್ಪ ನಕ್ಕ, ನೀರು ಕುಡಿದ. ಹೋಗಲಿ ಬಿಡು, ಅವನ ಹುಟ್ಟುಮಾತು ಅದು, ಅಪ್ಪ ಸತ್ತಾಗಲೂ ಅದನ್ನೇ ಅಂದಿದ್ದನೋ ಏನೋ. ಅವಳು ಬಿಟ್ಟಳು, ಮಾತನ್ನಲ್ಲ, ಮನೆಯನ್ನು. ಮಾತು ಬೆನ್ನಿಗೆ ಬಂತು, ಕೈ ಭಾರ, ಎಲ್ಲಿ ಕೆಲಸ ಕೇಳಿದರೂ ಅವಳಿಗಿಂತ ಮುಂಚೆ ಹೋಗಿ ಕುರ್ಚಿಯಲ್ಲಿ ಕೂತಿರುತ್ತಿತ್ತು, ಓ ನೀನಾ, ಕೈ ಭಾರ ಅಂತಾರಲ್ಲ, ಕತ್ತರಿ ಕೆಲಸ ಮಾಡ್ತೀಯಾ, ಬಣ್ಣ ಬೇಡ. ಈ ಮೂರನೇ ಮಹಡಿಯಲ್ಲೂ ಮೊದಲೆರಡು ವರ್ಷ ಬರಿ ತಲೆ ತೊಳೆಯುವುದೇ, ಊರಿನ ತಲೆಯೆಲ್ಲ ಅವಳ ಅಂಗೈಯಲ್ಲಿ ಮಲಗಿ ಎದ್ದು ಹೋಯಿತು, ಆಮೇಲೆ ಕುರ್ಚಿ ಸಿಕ್ಕಿತು, ತೊಟ್ಟಿಯ ಪಕ್ಕದ್ದು, ಕಿಟಕಿಯಿಲ್ಲ, ಟ್ಯೂಬ್‌ಲೈಟಿನಲ್ಲಿ ಎಲ್ಲ ಬಣ್ಣವೂ ಕಾಮಾಲೆ, ಗಿರಾಕಿಯನ್ನು ಮೆಟ್ಟಿಲ ಹತ್ತಿರ ಕರೆದೊಯ್ದು ಹಗಲಿಗೆ ಹಿಡಿದು ನೋಡಬೇಕು. ಅತ್ತಿಗೆಯ ಅಂಗಡಿಯಲ್ಲಿ ಉತ್ತರಕ್ಕೆ ಕಿಟಕಿ. ಬಿಸಿಲು ನೇರ ಬೀಳುವುದಿಲ್ಲ, ದಿನವಿಡೀ ಒಂದೇ ಬೆಳಕು, ಆ ಬೆಳಕಿನಲ್ಲಿ ಕೂದಲು ಸುಳ್ಳು ಹೇಳುವುದಿಲ್ಲ — ಆ ಕಿಟಕಿಯನ್ನು ಅವಳು ದ್ವೇಷಿಸಲು ಎಷ್ಟು ಪ್ರಯತ್ನಪಟ್ಟಿದ್ದಾಳೆ, ಆಗಿಲ್ಲ.

ಎಡಗಡೆ ಮುಗಿಯಿತು, ಪ್ಲಾಸ್ಟಿಕ್ ಹಾಳೆ ಮುಚ್ಚಿದಳು, ತೇವ ಒಳಗೇ ಉಳಿಯಲಿ ಅಂತ, ಈಗ ಬಲಗಡೆ. ಬಲಗಡೆಗೆ ಅವಳು ಹಿಂದೆ ನಿಲ್ಲುವುದಿಲ್ಲ, ಹಿಂದೆ ನಿಂತರೆ ಎಡಗೈ ಅಡ್ಡ ಬರುತ್ತದೆ, ಅರ್ಧ ತಲೆ ಮಾತ್ರ ಬರುತ್ತಿತ್ತು ಅವಳಿಗೆ, ಅರ್ಧ ತಲೆಯ ಕೆಲಸದವಳು, ಇನ್ನರ್ಧವನ್ನು ಯಾರೂ ಕಲಿಸಲಿಲ್ಲ, ತೊಟ್ಟಿಯ ಪಕ್ಕ ಪ್ಲಾಸ್ಟಿಕ್ ಬೊಂಬೆಯ ತಲೆ ಇಟ್ಟುಕೊಂಡು ಊಟದ ಹೊತ್ತಿನಲ್ಲೆಲ್ಲ ಬಳಿದು ಬಳಿದು ಕೊನೆಗೆ ಗೊತ್ತಾಯಿತು, ಎದುರಿಗೆ ಬಂದು ನಿಲ್ಲಬೇಕು, ಗಿರಾಕಿಯ ಮುಖಕ್ಕೆ ಮುಖ ಕೊಟ್ಟು, ಆಗ ಬಲಗಡೆ ಅವಳ ಎಡಗೈಗೆ ತಾನೇ ಬಂದು ಕೂರುತ್ತದೆ. ಎದುರಿಗೆ ಬಂದಳು. ಕನ್ನಡಿ ಬೆನ್ನ ಹಿಂದಾಯಿತು, ಇನ್ನು ಕನ್ನಡಿಯೊಳಗಿನ ಅತ್ತಿಗೆ ಇಲ್ಲ, ನಿಜವಾದ ಮುಖ, ಗೇಣು ದೂರ, ಮೂಗಿನ ಪಕ್ಕ ಹೊಸ ಮಚ್ಚೆ, ಮೇಲ್ದುಟಿಯ ಮೇಲೆ ಬೆವರು, ಮೊಣಕಾಲಿಗೆ ಮೊಣಕಾಲು ತಾಗಿತು, ಇಬ್ಬರೂ ಹಿಂದೆ ಸರಿಸಲಿಲ್ಲ. ಇದೇನೇ ಎದುರು ಬಂದು ನಿಲ್ತೀಯಾ, ಹಲ್ಲಿನ ಡಾಕ್ಟರ್ ಹಾಗೆ. ನನಗೆ ಹೀಗೇ ಬರೋದು. ಯಾರು ಕಲಿಸಿದ್ದು. ಯಾರೂ ಇಲ್ಲ. ಹಣೆಯ ಹತ್ತಿರದ ಕ್ಲಿಪ್ಪು ತೆಗೀರಿ ಅಂದಳು, ಬೇಕೆಂದೇ ಅಂದಳು, ಅವರು ಕುರ್ಚಿಗೆ ಬಂದಾಗಲೇ ಆ ಬಲಗೈಯನ್ನು ನೋಡಿದ್ದಳು, ಅತ್ತಿಗೆ ಬಲಗೈ ಎತ್ತಿದರು, ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು, ಅಲ್ಲೇ ಸ್ವಲ್ಪ ಹೊತ್ತು ನಿಂತು ಇಳಿಯಿತು, ಎಡಗೈ ಬಂದು ಕ್ಲಿಪ್ಪು ತೆಗೆಯಿತು. ಭುಜ ಹಿಡ್ಕೊಂಡಿದೆ ಕಣೇ, ನೆತ್ತಿಗೆ ಏರಲ್ಲ, ತೆಗೆದುಕೊಂಡ ಮಾತ್ರೆಗೆ ಅಂಗಡಿ ಇಡಬಹುದು. ನೆತ್ತಿಗೆ ಏರದ ಕೈ, ಅಂದರೆ ಇನ್ನು ಬಲಗಡೆಯೂ ಇಲ್ಲ, ಎಡಗಡೆ ಹೋಗಿ ನಾಲ್ಕು ವರ್ಷ, ಈಗ ಬಲಗಡೆಯೂ, ಅವಳು ತನ್ನೊಳಗೆ ಅಯ್ಯೋ ಅನ್ನುವ ಜಾಗವನ್ನು ಹುಡುಕಿದಳು, ಅಲ್ಲಿ ಕೆಸರು ಬಣ್ಣದ ಒಂದು ಕುಚ್ಚು ಕೂದಲು ಬಿದ್ದಿತ್ತು. ಒಂದು ಪದರ, ಎರಡು ಪದರ, ಮೂಲೆ, ಮೂಲೆ, ನಡುವೆ ಖಾಲಿ. ಆಗ ಅತ್ತಿಗೆಯ ಮುಖ ಕೆಂಪಾಯಿತು, ಕೊರಳಿನಿಂದ ಏರಿ ಬಂತು ಆ ಕೆಂಪು, ಹಾಳಾದ್ದು ಇನ್ನೂ ಬಿಟ್ಟಿಲ್ಲ ನನ್ನ, ಎಷ್ಟು ಸೆಕೆ ಇಲ್ಲಿ, ಏಯ್, ಆ ಫ್ಯಾನ್ ಸ್ವಲ್ಪ ಈ ಕಡೆ ತಿರುಗಿಸೇ.

ಏಸಿ ಕೆಟ್ಟಿತ್ತು, ಮ್ಯಾನೇಜರ್ ಎಲ್ಲಿಂದಲೋ ಒಂದು ಟೇಬಲ್ ಫ್ಯಾನು ತಂದು ಶಾಂಪೂ ಬಾಟಲಿಗಳ ಪಕ್ಕ ಇಟ್ಟಿದ್ದ, ಒಳ್ಳೆಯ ಫ್ಯಾನು, ಪೂರ್ತಿ ತಿರುಗುತ್ತದೆ, ಕೆಲಸ ಶುರು ಮಾಡುವಾಗಲೇ ಅವಳು ಅದರ ಮುಖವನ್ನು ಗೋಡೆ ಕಡೆಗೆ ಮಾಡಿ ಗುಂಡಿ ಒತ್ತಿ ಕತ್ತು ತಿರುಗದ ಹಾಗೆ ನಿಲ್ಲಿಸಿದ್ದಳು. ತಿರುಗಿಸೇ. ಇವರೇ ಕೇಳುತ್ತಿದ್ದಾರೆ. ಹಸಿ ಬ್ಲೀಚಿನ ಮೇಲೆ, ಬಲಗಡೆಗೆ, ಬಾಯಿ ಬಿಟ್ಟು ಕೇಳುತ್ತಿದ್ದಾರೆ, ಕಾಯುತ್ತಿದ್ದದ್ದು ಇದನ್ನೇ ಇರಬಹುದು ಇಷ್ಟು ವರ್ಷ, ಗಿರಾಕಿ ಕೇಳಿದಳು ಹಾಕಿದೆ, ಅಷ್ಟೇ, ಬಲಗಡೆ ತುಕ್ಕು ಎಡಗಡೆ ಜೇನು, ಆಮೇಲೆ ಕಂದು ಬಣ್ಣದ ಬಟ್ಟಲು ಹಿಡಿದು ಬಂದು, ಎಡಗಡೆ ಜಾಸ್ತಿ ಎದ್ದುಬಿಟ್ಟಿದೆ ಮೇಡಂ, ಇಳಿಸಿಕೊಡ್ತೀನಿ. ಅವಳು ಫ್ಯಾನಿನ ತನಕ ಹೋದಳು. ಬೆರಳು ಗುಂಡಿಯ ಮೇಲಿತ್ತು, ಬ್ಲೀಚ್ ಅಂಟಿದ ಗ್ಲವ್ಸ್, ಗುಂಡಿಯ ಮೇಲೆ ಬಿಳಿ ಗುರುತು ಬಿತ್ತು, ಹಿಂದಿನಿಂದ ಅತ್ತಿಗೆ ಉಸ್ ಉಸ್ ಅನ್ನುತ್ತಿದ್ದರು, ಪರೀಕ್ಷೆ ಮಾಡುತ್ತಿದ್ದಾರಾ, ಬೇಕೆಂದೇ ಕೇಳಿದರಾ, ನೋಡೋಣ ಏನು ಕಲಿತಿದೀಯಾ ಅಂದರಲ್ಲ. ಬ್ಲೀಚ್ ಒಣಗತ್ತೆ ಅತ್ತಿಗೆ ಅಂದಳು, ಗೋಡೆ ನೋಡುತ್ತ ಅಂದಳು. ಓ ಹೌದಲ್ಲ, ಮರೆತೇಬಿಟ್ಟೆ ನೋಡು. ಮರೆತೇಬಿಟ್ಟೆ, ಹಾಲು ಮರೆತೆ, ಕೊಡೆ ಮರೆತೆ ಅನ್ನುವ ಹಾಗೆ ಎಷ್ಟು ಹಗುರವಾಗಿ ಬಂತು, ಅವಳು ಪ್ಲಗ್ಗನ್ನೇ ಕಿತ್ತು ವೈರನ್ನು ಫ್ಯಾನಿನ ಕತ್ತಿಗೆ ಸುತ್ತಿದಳು, ಒಂದು ಸುತ್ತು, ಇನ್ನೊಂದು ಸುತ್ತು, ಉಗುರು ತಿದ್ದಿಸಿಕೊಳ್ಳುತ್ತಿದ್ದ ಹೆಂಗಸು ನಮಗೂ ಗಾಳಿ ಬೇಡ್ವಾ ಅಂದಳು, ಮ್ಯಾನೇಜರ್ ಏನಾಯ್ತು ಅಂತ ಬಂದ, ಯಾಕೆ ಕಿತ್ತೆ ಅದನ್ನ, ನನ್ನ ಕೆಲಸ ಮುಗಿಯೋ ತನಕ ಯಾರಿಗೂ ಗಾಳಿ ಇಲ್ಲ ಅಂದಳು ಅವಳು, ಅವನ ಮುಖ ನೋಡದೆ, ಅವನು ಅವಳ ಕೈಯಲ್ಲಿನ ಬ್ರಷ್ ನೋಡಿ ಬಂದ ದಾರಿಗೆ ಮರಳಿದ. ಇಡೀ ಕೋಣೆ ಬೆವರಿತು. ಅವಳು ಬಲಗಡೆಗೆ ಮರಳಿ, ಎದುರಿಗೆ ನಿಂತು, ಪದರಕ್ಕೆ ಪದರ, ತುದಿಗೆ ದಟ್ಟ, ಮೇಲೆ ತೆಳು, ಎಷ್ಟು ಚೆನ್ನಾಗಿ ಮಾಡುತ್ತೇನೆ ನೋಡಿ, ಸೇಡು ಅಂದರೆ ಇದು, ಒಂದು ಎಳೆಯಲ್ಲೂ ತಪ್ಪು ಸಿಗಬಾರದು, ಹುಡುಕಿ ಹುಡುಕಿ ನಿಮ್ಮ ಕಣ್ಣು ಬೀಳಬೇಕು. ಹಿಂದೆ ಹೋಗಿ ಹೆಕ್ಕತ್ತಿನಲ್ಲಿ ಎರಡು ಕಡೆಯನ್ನೂ ಸೇರಿಸಿದಳು, ತಟ್ಟಲು ಎದುರಿಗೆ ಇನ್ನೊಂದು ಬ್ರಷ್ ಇರಲಿಲ್ಲ, ಕೈ ಬಟ್ಟಲಿನ ಅಂಚಿಗೇ ತಟ್ಟಿತು, ಅತ್ತಿಗೆ ಆ ಸದ್ದಿಗೆ ಕಣ್ಣು ಮುಚ್ಚಿ ಸಣ್ಣಗೆ ನಕ್ಕರು, ನಗಬೇಡಿ, ಅದು ನಿಮಗಲ್ಲ.

ಬಣ್ಣ ಎದ್ದ ಮೇಲೆ ತೊಟ್ಟಿಗೆ ಒರಗಿಸಿದಳು, ಅತ್ತಿಗೆಯ ಗಂಟಲು ಮೇಲಕ್ಕೆ ತೆರೆದುಕೊಂಡಿತು, ಮಡಿಕೆ ಮಡಿಕೆ ಚರ್ಮ, ನಡುವೆ ಏನೋ ಏರಿ ಇಳಿಯುತ್ತದೆ, ಗಿರಾಕಿಗಳು ಇದನ್ನು ಯೋಚಿಸುವುದೇ ಇಲ್ಲ, ಕಣ್ಣು ಮುಚ್ಚಿ ಗಂಟಲು ಕೊಟ್ಟು ಮಲಗುತ್ತಾರೆ, ನೀರು ಬೆಚ್ಚಗೆ, ಬೆಚ್ಚಗಿನದಕ್ಕಿಂತ ಒಂದು ಎಳೆ ತಣ್ಣಗೆ, ಬಿಸಿ ನೀರಿಗೆ ಬಣ್ಣ ಓಡುತ್ತದೆ, ಬ್ಲೀಚ್ ಹೋಗಿ ಹಸಿ ಹಳದಿ ಕಂಡಿತು, ಅದರ ಮೇಲೆ ಟೋನರ್, ಹಳದಿಯ ಬಾಯಿ ಮುಚ್ಚಿಸುವ ನೇರಳೆ ಕೆನೆ, ಅವಳ ಬೆರಳು ನೆತ್ತಿಯ ಮೇಲೆ ಸುತ್ತುತ್ತ ಹೋದಾಗ ಅತ್ತಿಗೆ ಹಾ ಅಂದರು, ನಿನ್ನ ಕೈ ಎಷ್ಟು ಹಗುರ ಕಣೇ. ಬೆರಳು ನಿಂತಿತು. ನೀರು ಹರಿಯುತ್ತಿತ್ತು. ಹಗುರ ಅಂದರು, ಭಾರ ಅಂದ ಅದೇ ಬಾಯಿ, ಇಲ್ಲಿ ತೊಟ್ಟಿಯಲ್ಲಿ, ಕಣ್ಣು ಮುಚ್ಚಿಕೊಂಡು, ಯಾರೂ ಕೇಳದ ಹಾಗೆ, ನೀರಿನ ಸದ್ದಿನ ಕೆಳಗೆ, ಇಲ್ಲಿ ಹೇಳಿದರೆ ಏನು ಬಂತು, ಆ ದಿನ ಕನ್ನಡಿಯ ಮುಂದೆ ಹೇಳಿದ್ದು, ಎಲ್ಲರ ಮುಂದೆ. ಅವಳು ನಲ್ಲಿ ಜೋರು ಮಾಡಿದಳು. ಒಣಗಿಸಿ, ಬಾಚಿ, ಮೆಟ್ಟಿಲ ಹತ್ತಿರದ ಹಗಲಿಗೆ ನಿಲ್ಲಿಸಿ, ಎಲ್ಲ ಗಿರಾಕಿಗೂ ಹೇಳುವುದನ್ನು ಹೇಳಿದಳು, ಗಿಣಿಯ ಹಾಗೆ, ಎರಡು ದಿನ ತಲೆ ತೊಳೀಬೇಡಿ, ಆಮೇಲೂ ದಿನಾ ಬೇಡ, ನೊರೆ ಕಮ್ಮಿ ಬರೋ ಶಾಂಪೂ, ವಾರಕ್ಕೊಮ್ಮೆ ನೇರಳೆ ಶಾಂಪೂ, ಒಮ್ಮೆ ಅಂದ್ರೆ ಒಮ್ಮೆ, ಚೆನ್ನಾಗಿದೆ ಅಂತ ದಿನಾ ಹಾಕಿದ್ರೆ ಬೂದಿ ಬಣ್ಣ ಬರತ್ತೆ, ಕೂದಲಿಗೆ ಇಸ್ತ್ರಿ ಮಾಡೋ ಹಾಗಿದ್ರೆ ಮುಂಚೆ ಕ್ರೀಮ್ ಹಚ್ಚಿ, ಎರಡು ತಿಂಗಳಿಗೆ ಟೋನರ್ ಹೋಗತ್ತೆ, ಆಗ ಬರಬೇಕು, ಬಣ್ಣ ಮತ್ತೆ ಹಾಕೋದು ಆರು ತಿಂಗಳ ಮೇಲೆ ಸಾಕು, ಬುಡದಲ್ಲಿ ಗೆರೆ ಕಾಣಲ್ಲ. ಅಮ್ಮನಿಗೆ ಅಆಇಈ ಹೇಳಿಕೊಡ್ತೀಯಲ್ಲೇ ಅಂದರು ಅತ್ತಿಗೆ. ಎಲ್ಲರಿಗೂ ಹೇಳಬೇಕು, ರೂಲ್ಸು. ಕೈಗನ್ನಡಿ ಹಿಡಿದಳು, ಅತ್ತಿಗೆ ಅದನ್ನು ತೆಗೆದುಕೊಂಡು ಎಡಗಡೆ ನೋಡಿದರು, ಬಲಗಡೆ ನೋಡಿದರು, ಮುಖದ ಪಕ್ಕದ ಎಳೆಯನ್ನು ಬೆರಳಿಗೆ ಸುತ್ತಿ ಬೆಳಕಿಗೆ ಹಿಡಿದರು, ನಗು ಹೋಯಿತು, ಆ ಕಣ್ಣು ಅವಳಿಗೆ ಗೊತ್ತು, ತಪ್ಪು ಹುಡುಕುವ ಕಣ್ಣು, ಹುಡುಕಲಿ, ಹುಡುಕಿತು, ಬಹಳ ಹೊತ್ತು ಹುಡುಕಿತು, ಸೋತಿತು. ಎರಡೂ ಕಡೆ ಒಂದೇ ಥರ ಇದೆ ಅಂದರು. ಯಾರೋ ಸತ್ತ ಸುದ್ದಿ ಹೇಳುವವರ ಹಾಗೆ ಅಂದರು.

ಆಮೇಲೆ ಕಂದು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಗೆ ಮರಳಿ ಕೂತರು, ಏಳಬೇಕಿತ್ತು, ಏಳಲಿಲ್ಲ, ನಾನು ಸುತ್ತಿ ಬಳಸಿ ಮಾತಾಡಲ್ಲ, ಬಂದುಬಿಡು ಅಂದರು. ಬಂದುಬಿಡು ಮನೆಗಲ್ಲ, ನಿಮ್ಮಣ್ಣ ದಿನಾ ಕೇಳ್ತಾರೆ ಅದು ಬೇರೆ ವಿಷಯ, ಅಂಗಡಿಗೆ ಬಾ, ಎರಡು ಕುರ್ಚಿನೂ ನೀನೇ ನೋಡ್ಕೋ, ಬೋರ್ಡಲ್ಲಿ ನಿನ್ನ ಹೆಸರು ಮೊದಲು ಹಾಕಿಸ್ತೀನಿ, ನಾನು ಮೂಲೇಲಿ ಕೂತು ಫೋನ್ ತಗೋತೀನಿ, ನಿನ್ನ ತಂಟೆಗೆ ಬರಲ್ಲ, ಇಲ್ಲಿ ಈ ಕತ್ತಲಲ್ಲಿ ಕಣ್ಣು ಕಳ್ಕೋತೀಯಾ, ಅಲ್ಲಿ ಆ ಕಿಟಕಿ ನಿಂಗೆ ಎಷ್ಟು ಇಷ್ಟ ಅಂತ ನಂಗೊತ್ತಿಲ್ವಾ. ಕಿಟಕಿ. ಗೊತ್ತಿದೆ ಇವರಿಗೆ, ಎಲ್ಲಿ ಚುಚ್ಚಿದರೆ ಎಲ್ಲಿ ನೋಯುತ್ತದೆ ಅಂತ ಚೆನ್ನಾಗಿ ಗೊತ್ತಿದೆ, ಉತ್ತರದ ಬೆಳಕು ಅವಳ ಕಣ್ಣೊಳಗೆ ಬಂದೇ ಬಿಟ್ಟಿತು, ಬೆಳಗಿನ ಹೊತ್ತು ನೀಲಿಗೆ ತಿರುಗುವುದು, ಮಧ್ಯಾಹ್ನ ಹಾಲಿನ ಹಾಗಾಗುವುದು, ಆ ಬೆಳಕಿನಲ್ಲಿ ಒಂದು ತಲೆ, ಎರಡೂ ಕಡೆ ತನ್ನದು, ಹೂಂ ಅಂದರೆ ಆಯಿತು, ಹೂಂ ಅನ್ನಲು ತುಟಿ ಕೂಡ ತೆರೆಯಬೇಕಿಲ್ಲ. ಅವಳು ಕನ್ನಡಿಯಲ್ಲಿ ಅಲ್ಲ, ಎದುರಿಗೆ ಬಂದು ನಿಂತು ಕೇಳಿದಳು, ಆವತ್ತು ಆ ಸುದ್ದಿ ಓದುವವಳ ತಲೆ, ಎಡಗಡೆ ಸರಿಯಾಗಿತ್ತು ತಾನೆ. ಅತ್ತಿಗೆ ಹುಬ್ಬು ಕೂಡಿಸಿದರು, ಯಾವುದು, ಆಮೇಲೆ ನೆನಪಾಯಿತು, ಮುಖ ಸಡಿಲವಾಯಿತು, ಅಯ್ಯೋ ಪೆದ್ದಿ, ಅದನ್ನ ಇನ್ನೂ ಇಟ್ಕೊಂಡು ಕೂತಿದೀಯಾ, ಎಲ್ಲರ ಕೈಯಲ್ಲೂ ತಪ್ಪಾಗತ್ತೆ, ನಾನದನ್ನ ಆವತ್ತೇ ಕ್ಷಮಿಸಿಬಿಟ್ಟೆ. ಕ್ಷಮಿಸಿಬಿಟ್ಟರು. ಒಂದು ಕೈ ಅವಳ ಮೊಣಕಾಲಿಗೆ ಬಂದು ತಟ್ಟಿತು, ಅತ್ತಿಗೆಯ ಎಡಗೈ, ಏರಬಲ್ಲ ಕೈ, ನಿಜವಾಗಿ ಮೆತ್ತಗೆ ತಟ್ಟಿತು. ಫ್ಯಾನ್ ಹಾಕಿದ್ದು ನೀವು ಅಂದಳು ಅವಳು, ಬಲಗಡೆ ಒಣಗಿತು, ನಾನು ಹೇಳಿದೆ, ನೀವು ಸುಮ್ನಿರು ಅಂದ್ರಿ, ಫ್ಯಾನು. ಯಾವ ಫ್ಯಾನೇ, ಅಂದರು ಅತ್ತಿಗೆ. ಅವಳು ಆ ಮುಖವನ್ನು ನೋಡಿದಳು, ಗೇಣು ದೂರದಿಂದ, ಕಣ್ಣು, ರೆಪ್ಪೆ, ತುಟಿಯ ಮೂಲೆ, ಹೊಸ ಮಚ್ಚೆ, ಬಣ್ಣ ಎದ್ದಿದೆಯಾ ಅಂತ ಎಳೆ ಬಿಡಿಸಿ ನೋಡುವ ಹಾಗೆ ನೋಡಿದಳು, ಸುಳ್ಳು ಎಲ್ಲಾದರೂ ಒಂದು ಎಳೆಯಲ್ಲಾದರೂ ಸಿಗಲಿ ಅಂತ, ಸುಳ್ಳು ಸಿಕ್ಕಿದ್ದರೆ ಹೋಗಿಬಿಡುತ್ತಿದ್ದಳು ಆ ಅಂಗಡಿಗೆ, ಸುಳ್ಳು ಹೇಳುವವರ ಜೊತೆ ಬದುಕಬಹುದು, ಸಿಗಲಿಲ್ಲ, ಮುಖವೆಂದರೆ ತೊಳೆದಿಟ್ಟ ಬಟ್ಟಲು, ಅಲ್ಲಿ ಫ್ಯಾನು ಇಲ್ಲವೇ ಇಲ್ಲ, ಇರಲೇ ಇಲ್ಲ, ಆ ದಿನ ಪೂರ್ತಿ ಇವಳೊಬ್ಬಳ ತಲೆಯಲ್ಲೇ ಇದೆ. ಏನೇ ಹಾಗೆ ನೋಡ್ತೀಯಾ, ಯಾವತ್ತಿಂದ ಬರ್ತೀಯಾ ಹೇಳು, ಸೋಮವಾರದಿಂದ ಬರ್ತೀಯಾ. ಮ್ಯಾನೇಜರ್ ಫ್ಯಾನಿನ ಕತ್ತಿನಿಂದ ವೈರು ಬಿಚ್ಚುತ್ತಿದ್ದ, ಪ್ಲಗ್ ಸಿಕ್ಕಿಸಿದ, ಗುಂಡಿಯ ಮೇಲೆ ಅವಳ ಬಿಳಿ ಬೆರಳಿನ ಗುರುತು, ಅದರ ಮೇಲೇ ಒತ್ತಿದ, ರೆಕ್ಕೆಗಳು ಮೊದಲು ಬೇರೆ ಬೇರೆ ಕಂಡು ಆಮೇಲೆ ಒಂದಾದವು, ಗೋಡೆಯಿಂದ ಮುಖ ತಿರುಗಿಸಿ ಅದು ಬಂತು, ಅತ್ತಿಗೆಯ ಹೊಸ ಜೇನು ಬಣ್ಣ ಒಮ್ಮೆ ಹಾರಿತು, ಬೇಡ, ಅಂದಳು ಅವಳು, ಅತ್ತಿಗೆ ಏನು ಬೇಡ ಅಂದರು, ಬೇಡ, ಯಾವತ್ತೂ ಬೇಡ, ಫ್ಯಾನು ಎಡಗಡೆಗೆ ಬಂತು, ಹೋಯಿತು, ಬಂತು, ಅವಳ ಕಣ್ಣೊಳಗೆ ಆ ಹಳೆಯದು, ಒಂದು ಕೆಂಚು ಕೂದಲು ಜಾಲರಿಯಲ್ಲಿ, ತಿಳಿಹಸಿರು ರೆಕ್ಕೆ, ಬಾಗಿಲಿಂದ ಬಲಗಡೆಗೆ, ಬಲಗಡೆಗೆ ಬಂದು ಟಕ್ —